ಬೈಲಹೊಂಗಲದಲ್ಲಿ ಜಾಮೀನು: ಐಲಾಂತ ಆಂಗ್ಲ ಪದಗಳ ಮೀಮಾಂಸೆ

ಎ, ಐ, ಎಲ್ ಎಂಬ ಮೂರು ಅಕ್ಷರಗಳಲ್ಲಿ ಮುಗಿಯುವ ಆಂಗ್ಲ ಪದಗಳಿಗೆ ಪ್ರಸ್ತುತ ಪ್ರಬಂಧದಲ್ಲಿ ‘ಐಲಾಂತ’ ಎಂಬ ಪಾರಿಭಾಷಿಕ ಹೆಸರನ್ನು ಕೊಡಲಾಗಿದ್ದು, ಕನ್ನಡದಲ್ಲಿ ಐಲು ಎಂದರೆ ಹುಚ್ಚು ಎಂಬ ಅರ್ಥವಿರುವುದು ಈ ಸಂಶೋಧನೆಗೆ ಬಾಧಕವಲ್ಲವೆಂದು ಮೊದಲೇ ಸ್ಪಷ್ಟಪಡಿಸಬೇಕಾಗಿದೆ. ಜೈಲು, ರೈಲು, ಮೇಲ್, ಟೇಲ್, ನೇಲ್, ಫೇಲ್ ಮುಂತಾದವು ಈ ಕುಲದ ಪ್ರಸಿದ್ಧ ಸದಸ್ಯರು; ಆಲಿಕಲ್ಲು ಎಂಬ ಅರ್ಥದ, ಎಚ್ ಅಕ್ಷರದಿಂದ ತೊಡಗುವ ಇನ್ನೊಂದು ಪದವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಸಭ್ಯತೆಗೆ ಭಂಗವಾಗುವುದರಿಂದ ಅದರ ಅರ್ಥವನ್ನಷ್ಟೇ ಮುಂದೆ ಬಳಸಲಾಗುವುದು. ಇವುಗಳ ಮೂಲವನ್ನು ವಿದ್ವಾಂಸರು ಇಂಗ್ಲೆಂಡಿನಲ್ಲಿಯೇ ಹುಡುಕುತ್ತ ಬಂದಿದ್ದಾರೆ. ಆದರೆ 1884ರ ಮುಂಬಯಿ ಗ್ಯಾಝೆಟಿಯರಿನ ಬೆಳಗಾವಿ ಸಂಪುಟದಲ್ಲಿ ಸಂಪಗಾಂವ ಎಂದು ಹೆಸರಿಸಲಾದ ಉಪವಿಭಾಗಕ್ಕೆ ಸೇರಿದ್ದ ಬೈಲಹೊಂಗಲವನ್ನು ಆಂಗ್ಲ ಲಿಪಿಯಲ್ಲಿ ಬರೆದಾಗ ಮೊದಲ ನಾಲ್ಕು ಅಕ್ಷರಗಳು ಬಿ, ಎ, ಐ, ಎಲ್ ಆಗುತ್ತವೆ ಎಂಬುದನ್ನೂ, ಆ ನಾಲ್ಕು ಅಕ್ಷರಗಳಿಗೆ ಆಂಗ್ಲ ನಿಘಂಟಿನಲ್ಲಿ ಜಾಮೀನು ಎಂಬ ಅರ್ಥವಿದೆ ಎಂಬುದನ್ನೂ ಒಟ್ಟಿಗೆ ಇಟ್ಟು ನೋಡುವ ಧೈರ್ಯವನ್ನು ಅವರು ತೋರಿದಂತಿಲ್ಲ.

ಈ ನಾಲ್ಕು ಅಕ್ಷರಗಳ ವಿಷಯದಲ್ಲಿ ಮೂರು ಪಂಥಗಳಿವೆ. ಕನ್ನಡ ಪಂಥವು ಇದನ್ನು ಬಯಲು ಎಂದು ಬಿಡಿಸುತ್ತದೆ. ಮರಾಠಿ ಪಂಥವು ಬೈಲ ಎಂದರೆ ಎತ್ತು ಎನ್ನುತ್ತದೆ. ಆಂಗ್ಲ ಪಂಥವು ಜಾಮೀನು ಎಂದು ಹಟ ಹಿಡಿದು, ಲ್ಯಾಟಿನ್ನಿನಲ್ಲಿ ಹೊರೆಯಾಳು ಎಂಬರ್ಥದ ‘ಬಾಯುಲುಸ್’ ಪದದಿಂದ ಫ್ರೆಂಚಿನ ಮೂಲಕ ಇದು ಇಳಿದುಬಂದಿದೆಯೆಂದು ಪ್ರಮಾಣ ಒದಗಿಸುತ್ತದೆ. ಮೂರನ್ನೂ ಸಮನ್ವಯಗೊಳಿಸುವುದು ಕಷ್ಟವೇನಲ್ಲ: ಎತ್ತು ಒಕ್ಕಲಿಗನ ಹೇರು ಹೊರುತ್ತದೆ, ಜಾಮೀನುದಾರನು ಬೀಗನ ಸಾಲ ಹೊರುತ್ತಾನೆ, ಬೀಗನು ಕಂತು ತಪ್ಪಿಸಿದಾಗ ಸಂಗತಿ ಬಯಲಿಗೆ ಬರುತ್ತದೆ. ಪಾಲು ಹಾಲಾದಂತೆ ಪಕಾರವು ಹಕಾರವಾಗುವ ನಿಯಮವನ್ನು ತಿರುವುಮುರುವಾಗಿ ಹಚ್ಚಿ ಹೊಂಗಲವನ್ನು ಪೊಂಗಲ್ ಮಾಡಹೊರಡುವ ನಾಲ್ಕನೆಯ ಪಂಥವೊಂದು ಹುಟ್ಟಬಹುದಾದರೂ, ಈ ಭಾಗದ ಜಾತ್ರೆ-ಲಗ್ನಗಳಲ್ಲಿ ಬಡಿಸುವುದು ಗೋದಿ ಹುಗ್ಗಿಯಾದ್ದರಿಂದ ಅದನ್ನು ಪಂಕ್ತಿಯಲ್ಲಿಯೇ ಖಂಡಿಸಬಹುದು.

ಇನ್ನು ಧ್ವನಿವಿಚಾರ. ಹಳೆಯ ಇಂಗ್ಲಿಷಿನಲ್ಲಿ ಉಗುರು ಅಥವಾ ಮೊಳೆ ಎಂಬರ್ಥದ ಪದ, ಬಾಲ ಎಂಬರ್ಥದ ಪದ, ಹಾಯಿಪಟದ ಪದ, ಆಲಿಕಲ್ಲಿನ ಪದ, ಇವೆಲ್ಲವುಗಳ ನಡುವೆ ಒಂದೊಂದು ಗಕಾರವಿತ್ತು. ಜರ್ಮನ್ನರು ಇಂದಿಗೂ ಉಗುರಿಗೆ ನಾಗೆಲ್, ಹಾಯಿಗೆ ಝೇಗೆಲ್ ಎನ್ನುತ್ತಾರೆ. ಇಂಗ್ಲಿಷರ ಬಾಯಲ್ಲಿ ಆ ಗಕಾರ ಕರಗಿ ಯಕಾರವಾಗಿ, ಯಕಾರವು ಹಿಂದಿನ ಸ್ವರದೊಡನೆ ಕೂಡಿಕೊಂಡು, ಬರವಣಿಗೆಯಲ್ಲಿ ಎ ಮತ್ತು ಐಗಳ ಜೋಡಿಯಾಗಿ ಉಳಿಯಿತು. ಬಯಲು ಎಂಬುದು ಬೈಲು ಆದದ್ದೂ ನಡುವಿನ ಯಕಾರವು ಅಕಾರದೊಡನೆ ಕೂಡಿದ್ದರಿಂದಲೇ ಎಂಬುದನ್ನು ಗಮನಿಸಿದರೆ, ಥೇಮ್ಸ್ ದಂಡೆಯ ನಾಲಿಗೆಯೂ ಮಲಪ್ರಭೆಯ ದಂಡೆಯ ನಾಲಿಗೆಯೂ ಒಂದೇ ಬಗೆಯ ಆಲಸ್ಯದಿಂದ ಬಳಲುತ್ತಿದ್ದವೆಂದು ಸಿದ್ಧವಾಗುತ್ತದೆ. ಇಷ್ಟಕ್ಕೂ ಇಂಗ್ಲಿಷರು ಕಳೆದುಕೊಂಡ ಗಕಾರ ಎಲ್ಲಿ ಹೋಯಿತು ಎಂಬ ಪ್ರಶ್ನೆ ಉಳಿಯುತ್ತದೆ. ಅದು ಹೊಂಗಲದ ನಡುವೆ, ಅನುಸ್ವಾರದ ಮಗ್ಗುಲಲ್ಲಿ, ಎಲ್ಲರೆದುರಿಗೇ ಕುಳಿತಿದೆ.

ಕನ್ನಡಕ್ಕೆ ಬಂದ ಐಲಾಂತಗಳಲ್ಲಿ ಜೈಲು, ರೈಲುಗಳು ಮಾತ್ರ ಬರೆದಂತೆ ಓದಿಸಿಕೊಂಡು ಬೈಲಿನೊಡನೆ ಪ್ರಾಸಗೂಡಿದವು, ಉಳಿದವು ಹಾಗಾಗಲಿಲ್ಲ. ಕಾರಣ ಸರಳವಾಗಿದೆ. ಮೇಲ್ ಎಂಬುದು ಮೈಲು ಆಗಹೋದರೆ ಅಲ್ಲಿ ದೂರದ ಅಳತೆ ಕುಳಿತಿತ್ತು, ಫೇಲ್ ಎಂಬುದು ಫೈಲು ಆಗಹೋದರೆ ಅಲ್ಲಿ ಕಚೇರಿಯ ಕಡತ ಕುಳಿತಿತ್ತು, ನೇಲ್ ಎಂಬುದಕ್ಕಂತೂ ನೈಲ್ ನದಿಯೇ ಅಡ್ಡ ಹರಿಯುತ್ತಿತ್ತು. ಕಿತ್ತೂರಿನ ಬಸ್ಸಿನಲ್ಲಿ ಕಿಟಕಿಯೊಳಗಿಂದ ಟವೆಲ್ ಹಾಕಿ ಸೀಟು ಹಿಡಿಯುವ ಪದ್ಧತಿಯನ್ನು ಬಲ್ಲವರಿಗೆ ಈ ಭಾಷಾಶಾಸ್ತ್ರೀಯ ತತ್ತ್ವವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪ್ರಾಸ ಕೂಡಿದರೂ ಪದಾರ್ಥ ಕೂಡಲಿಲ್ಲವೆಂಬುದು ಬೇರೆ ಮಾತು: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರುಗಳಲ್ಲಿ ರೈಲು ನಿಲ್ದಾಣವಿಲ್ಲ.

ಜೈಲಿನ ಸಂಗತಿ ಹಾಗಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಬಿದ್ದ ಮೇಲೆ, ಡಿಸೆಂಬರಿನಲ್ಲಿ ಮತ್ತೆ ಬಂದು ಕೋಟೆ ಹಿಡಿದ ಕಂಪನಿ ಸರಕಾರವು ರಾಣಿ ಚೆನ್ನಮ್ಮನನ್ನು ಸೆರೆಯಲ್ಲಿಟ್ಟದ್ದು ಬೈಲಹೊಂಗಲದ ಕೋಟೆಯಲ್ಲಿ; 1829ರ ಫೆಬ್ರವರಿಯಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು, ಸಮಾಧಿಯೂ ಅದೇ ಊರಿನಲ್ಲಿದೆ. ತನ್ನ ಭಾಷೆಯಲ್ಲಿ ಜಾಮೀನು ಎಂದೇ ಓದಿಸಿಕೊಳ್ಳುವ ಊರನ್ನು ಸೆರೆಮನೆಗಾಗಿ ಆರಿಸಿಕೊಂಡು ನಾಲ್ಕು ವರ್ಷಕ್ಕೂ ಮಿಕ್ಕಿ ಜಾಮೀನು ಕೊಡದೆ ಇಟ್ಟ ಸರಕಾರಕ್ಕೆ ಓದು ಬರುತ್ತಿರಲಿಲ್ಲವೆಂದು ಹೇಳಲಾಗದು. ಈ ಒಂದು ಅಂಶದಲ್ಲಿ ಪ್ರಬಂಧವು ಅಣಕಿಸಲು ಅಶಕ್ತವಾಗಿದೆ.

ಬೇಲ್ ಎಂಬ ಉಚ್ಚಾರವನ್ನು ಇನ್ನೊಂದು ಪದವೂ ಹಂಚಿಕೊಂಡಿರುವುದರಿಂದ ವಿಷಯ ಮತ್ತಷ್ಟು ಜಟಿಲವಾಗುತ್ತದೆ. ಅರಳೆಯನ್ನು ಪ್ರೆಸ್ಸಿನಲ್ಲಿ ಒತ್ತಿ, ಅರಿವೆ ಸುತ್ತಿ, ಪಟ್ಟಿ ಬಿಗಿದು, ಮೈಮೇಲೆ ಮಸಿಯಿಂದ ನಂಬರು ಹೊಡೆದು ಹೊರಗುರುಳಿಸಿದ 170 ಕಿಲೋ ತೂಕದ ಮೂಟೆಗೂ ಬೇಲ್ ಎಂದೇ ಹೆಸರು. ಅದರ ಆಂಗ್ಲ ಕಾಗುಣಿತ ಬೇರೆಯಾದರೂ ಹತ್ತಿಯ ಪೇಟೆಯಾದ ಬೈಲಹೊಂಗಲದಲ್ಲಿ ಕಿವಿಗೆ ಕಾಗುಣಿತ ಕಾಣುವುದಿಲ್ಲ. ಹೀಗಾಗಿ ಕೋರ್ಟಿನಿಂದ ಬಂದವನೊಬ್ಬ ಚಹಾದಂಗಡಿಯಲ್ಲಿ “ಕಾಕಾ, ಬೇಲ ಆತೇನ್ರಿ?” ಎಂದು ಕೇಳಿದರೆ, ಜಿನ್ನಿಂಗ್ ಮಿಲ್ಲಿನಿಂದ ಬಂದ ಕಾಕಾ “ಹತ್ತ ಆದುವಪಾ, ಹನ್ನೊಂದನೇದಕ್ಕ ಕರೆಂಟ್ ಹೋತು” ಎನ್ನುವ ಸಂಭವವನ್ನು ವ್ಯಾಕರಣವು ಅಲ್ಲಗಳೆಯಲಾರದು.

ಕೊನೆಯದಾಗಿ, ಕ್ರಿಕೆಟ್ಟಿನ ಸ್ಟಂಪುಗಳ ನೆತ್ತಿಯ ಮೇಲೆ ಕೂರುವ ಮರದ ತುಂಡುಗಳಿಗೂ ಬಿ, ಎ, ಐ, ಎಲ್ ಅಕ್ಷರಗಳದೇ ಹೆಸರು, ಮತ್ತು ಅವು ಒಂದು ಕಡೆಗೆ ಎರಡೇ ಇರುತ್ತವೆ. ಬೈಲಹೊಂಗಲ ಒಂದು, ಕಿತ್ತೂರ ಹತ್ತಿರದ ಬೈಲೂರು ಇನ್ನೊಂದು ಎಂದರೆ ಲೆಕ್ಕ ಸರಿಹೋಗುತ್ತದೆ. ಬೈಲಹೊಂಗಲದ ಸೀಮೆಯಲ್ಲಿಯೇ ಬೈಲವಾಡ ಎಂಬ ಮೂರನೆಯ ಊರು ಇದೆಯಲ್ಲ ಎಂಬ ಆಕ್ಷೇಪ ಬರುವುದು ನಿಶ್ಚಿತ. ಅಂಪೈರನ ಕಿಸೆಯಲ್ಲಿ ಹೆಚ್ಚಿನದೊಂದು ಯಾವಾಗಲೂ ಇರುತ್ತದೆ.