ಜಕ್ಕಿಯಬ್ಬೆಗೆ ಡೋಂಗಲ್ ಇರಲಿಲ್ಲ

ನಾಗರಖಂಡ ಎಪ್ಪತ್ತು ಎಂಬ ನಾಡಿನ ಆಡಳಿತ ನೋಡುತ್ತಿದ್ದ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡಾಗ ರಾಷ್ಟ್ರಕೂಟ ದೊರೆ ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೇ ಕೊಟ್ಟ. ಹತ್ತನೆಯ ಶತಮಾನದ ಆರಂಭದ ಈ ಸುದ್ದಿಯನ್ನು ಹೇಳುವುದು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನ. ದೊರೆ ಕೂತದ್ದು ದೂರದ ಮಾನ್ಯಖೇಟದಲ್ಲಿ. ಅಲ್ಲಿಂದ ಆತ ಒಂದೊಂದು ಹಿತ್ತಿಲಿನ ಕಡತವನ್ನೂ ತರಿಸಿಕೊಂಡ ಎಂದು ಯಾವ ಕಲ್ಲೂ ಹೇಳುವುದಿಲ್ಲ.

ಅದೇ ಸೀಮೆಯಲ್ಲಿ ಇವತ್ತು ಗ್ರಾಮ ಪಂಚಾಯಿತಿ ಅಧ್ಯಕ್ಷೆಯೊಬ್ಬರು, ಊರಿಗೆ ಊರೇ ಮೂರು ತಲೆಮಾರಿನಿಂದ ಬಲ್ಲ ಒಂದು ನಿವೇಶನಕ್ಕೆ ನಮೂನೆ 9 ಎಂಬ ಸ್ವತ್ತಿನ ದಾಖಲೆ ಕೊಡಿಸಲು ಹೊರಡಲಿ ನೋಡೋಣ. ಅಳೆಯುವುದು ಭೂಮಾಪನ ಇಲಾಖೆ. ಜಾಗ ಗ್ರಾಮಠಾಣಾ ಒಳಗೋ ಹೊರಗೋ ಎಂದು ಹೇಳುವುದು ಕಂದಾಯ ಇಲಾಖೆ. ಬಡಾವಣೆಯಾದರೆ ನಗರ ಮತ್ತು ಗ್ರಾಮಾಂತರ ಯೋಜನೆಯವರು ಒಪ್ಪಬೇಕು. ಸೊರಬದ ಕಡೆ ಪಕ್ಕದಲ್ಲೊಂದು ಕಾನಿದ್ದರೆ ಅರಣ್ಯ ಇಲಾಖೆಯೂ ಒಮ್ಮೆ ಕೆಮ್ಮುತ್ತದೆ. ತಂತ್ರಾಂಶ ಬೆಂಗಳೂರಿನದು, ಸಹಿ ಪಿಡಿಒ ಡೋಂಗಲ್‌ನದು. ಅಧ್ಯಕ್ಷೆಯ ಪಾಲಿಗೆ ಉಳಿಯುವುದು ಊರವರ ಬೈಗುಳ. ಅದಕ್ಕೆ ಯಾರ ಅನುಮೋದನೆಯೂ ಬೇಕಿಲ್ಲ.

ಇದರ ಹೆಸರು ಇ-ಸ್ವತ್ತು. ಸ್ವತ್ತು ನಮ್ಮದು, 'ಇ' ಮಾತ್ರ ಅವರದು. ನೋಂದಣಿ ಕಚೇರಿಯಲ್ಲಿ ಕೇಳುವುದು ಮಾತ್ರ ಆ 'ಇ'ಯನ್ನೇ.

ನಿಜ ಹೇಳಬೇಕು, ನಮ್ಮವರೇನು ಹಾಲಿನಲ್ಲಿ ತೊಳೆದ ಮುತ್ತುಗಳಲ್ಲ. ಕೈಬರಹದ ಖಾತೆಯ ಕಾಲದಲ್ಲಿ ಕೆರೆಯಂಗಳವನ್ನೂ ನಿವೇಶನ ಎಂದು ಬರೆದುಕೊಟ್ಟ ಮಹಾನುಭಾವರಿದ್ದರು. ಕಳ್ಳ ಹೊಕ್ಕನೆಂದು ಮನೆಯ ಬೀಗದಕೈಯನ್ನೇ ಬೆಂಗಳೂರಿಗೆ ಒಯ್ದರು. ಈಗ ಮನೆಯವರು ಜಗಲಿಯಲ್ಲಿದ್ದಾರೆ. ಕಳ್ಳ ಒಳಗೆ ಲಾಗಿನ್ ಆಗಿದ್ದಾನೆ.

ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮ ಮಾಡುವ ಬಗರ್‌ಹುಕುಂ ಸಮಿತಿಯದು ಇನ್ನೂ ಚೆಂದ. ಯಾರು ಯಾವ ಗದ್ದೆಯನ್ನು ಎಂದಿನಿಂದ ಉಳುತ್ತಿದ್ದಾರೆ ಎಂಬುದು ಪಂಚಾಯಿತಿ ಸದಸ್ಯನಿಗೆ ನಿದ್ದೆಯಲ್ಲೂ ಗೊತ್ತು. ಸಮಿತಿಯ ಅಧ್ಯಕ್ಷತೆ ಶಾಸಕರದು, ಕಾರ್ಯದರ್ಶಿತನ ತಹಶೀಲ್ದಾರರದು. ಇರಲಿ, ಎಲ್ಲ ಗೊತ್ತಿರುವವನು ತೀರ್ಪುಗಾರನಾದರೆ ಅರ್ಜಿಗಳು ಬೇಗ ಮುಗಿದುಬಿಡುವ ಅಪಾಯವಿದೆ.

ಇಷ್ಟಕ್ಕೂ ಬೆಂಗಳೂರಿನ ಗದ್ದುಗೆ ನಮಗೇನು ಪರಕೀಯವೆ? ಸೊರಬ ಬಂಗಾರಪ್ಪನವರನ್ನು ಕಳಿಸಿತು, ಶಿಕಾರಿಪುರ ಯಡಿಯೂರಪ್ಪನವರನ್ನು. ಯಡಿಯೂರಪ್ಪನವರಂತೂ ಶಿಕಾರಿಪುರ ಪುರಸಭೆಯ ಅಧ್ಯಕ್ಷರಾಗಿದ್ದವರು. ಪುರಸಭೆಯಿಂದ ವಿಧಾನಸೌಧಕ್ಕೆ ಮೆಟ್ಟಿಲಿದೆ ಎಂದು ನಾಡಿಗೆ ತೋರಿಸಿದ್ದೇ ನಾವು. ಅಧಿಕಾರ ಇಳಿದುಬರುವ ಮೆಟ್ಟಿಲಿಗೆ ಮಾತ್ರ ಇನ್ನೂ ಟೆಂಡರ್ ಆಗಿಲ್ಲ. ಈ ಒಂದು ವಿಷಯದಲ್ಲಿ ಪಕ್ಷಭೇದವಿಲ್ಲ. ಬಂದವರೆಲ್ಲ ಹತ್ತಿದ ಏಣಿಯನ್ನು ಜೋಪಾನವಾಗಿ ಮೇಲಕ್ಕೆ ಎಳೆದುಕೊಂಡವರೇ.

ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಪಂಚಾಯಿತಿಗಳ ಮುಂದೆ 29 ವಿಷಯಗಳ ಎಲೆ ಹಾಕಿತು. ಬಡಿಸುವ ಕೆಲಸ ರಾಜ್ಯಗಳಿಗೆ ಬಿಟ್ಟಿತು. ನಮ್ಮ ರಾಜ್ಯ ತನ್ನ ಕಾಯ್ದೆಯ ಹೆಸರಿಗೇ 'ಗ್ರಾಮ ಸ್ವರಾಜ್' ಎಂದು ಸೇರಿಸಿ ಎಲೆಯ ತುದಿಗೆ ಉಪ್ಪು ಹಾಕಿ ಹೋಯಿತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ಆಮೇಲೆ ವರ್ಷಗಟ್ಟಲೆ ಅಲ್ಲಿ ಕೂತದ್ದು ಆಡಳಿತಾಧಿಕಾರಿಗಳು. ಜಿಲ್ಲಾ ಯೋಜನಾ ಸಮಿತಿಯ ಬಹುಪಾಲು ಸದಸ್ಯರನ್ನು ಆರಿಸಬೇಕಾದವರು ಚುನಾಯಿತ ಜಿಲ್ಲಾ ಪಂಚಾಯಿತಿ ಮತ್ತು ಪುರಸಭೆಯವರು. ಮದುಮಗನಿಲ್ಲದ ಮನೆಯಲ್ಲಿ ಬೀಗರ ಔತಣ ಮಾತ್ರ ಸುಸೂತ್ರ.

ನಮ್ಮ ಕಡೆಯ ದಾನಶಾಸನಗಳ ಕೊನೆಗೊಂದು ಶಾಪವಿರುತ್ತದೆ: ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ. ಪಂಚಾಯಿತಿ ಕಂಪ್ಯೂಟರಿನ ಪರದೆಯ ಮೇಲೂ ಒಂದು ಸಾಲಿದೆ: ಅರ್ಜಿ ಪರಿಶೀಲನೆಯಲ್ಲಿದೆ. ಅವಧಿ ನಮೂದಿಸಿಲ್ಲ.