ಜೂಮ್ ಮೇಷ್ಟ್ರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಯಾವ ಊರಿಗೆ ಹೋದರೂ ಅಲ್ಲೊಬ್ಬ ಜೂಮ್ ಮೇಷ್ಟ್ರು ಇದ್ದೇ ಇರುತ್ತಾರೆ. ಮೇಷ್ಟ್ರೇ ಆಗಿರಬೇಕು ಅಂತೇನೂ ಇಲ್ಲ. ಬೆಸ್ಕಾಂನವರಿರಬಹುದು, ಸೊಸೈಟಿ ಸೆಕ್ರೆಟರಿ ಇರಬಹುದು, ಔಷಧಿ ಅಂಗಡಿ ಇಟ್ಟವರಿರಬಹುದು. ಆದರೂ ಪಾಠ ಹೇಳುವವರೇ ಜಾಸ್ತಿ. ಭಾನುವಾರ, ದಸರಾ ರಜೆ, ಬೇಸಿಗೆ ರಜೆ ಮೂರೂ ಒಟ್ಟಿಗೆ ಸಿಗುವ ಉದ್ಯೋಗ ಇನ್ಯಾವುದಿದೆ? ಗುರುತು ಹಿಡಿಯುವುದೂ ಕಷ್ಟವಲ್ಲ. ಎರಡು ಕಿಲೊ ತೂಗುವ ಲೆನ್ಸನ್ನು ಒಂದೇ ಕಡೆ ನೇತುಹಾಕಿಕೊಂಡು ಓಡಾಡಿ ಬಲಭುಜ ಇಷ್ಟು ಕೆಳಗೆ ಇಳಿದಿರುತ್ತದೆ. ಮಾತಾಡುವಾಗ ನಿಮ್ಮ ಮುಖ ನೋಡುವುದಿಲ್ಲ, ನಿಮ್ಮ ಹಿಂದಿನ ಕರೆಂಟ್ ತಂತಿ ನೋಡುತ್ತಿರುತ್ತಾರೆ. ಅಲ್ಲೊಂದು ನೀಲಕಂಠ ಕೂತಿರುತ್ತದೆ.

ಈ ಕುಲ ಹುಟ್ಟಿದ್ದು ಈಚೆಗೆ. ಮೊದಲೆಲ್ಲ 600 ಮಿಲಿಮೀಟರ್ ಲೆನ್ಸ್ ಅಂದರೆ ಕ್ಯಾನನ್, ನಿಕಾನ್ ಕಂಪನಿಗಳದ್ದೇ ಆಗಬೇಕಿತ್ತು. ಅದರ ರೇಟಿಗೆ ತಾಲ್ಲೂಕು ಕೇಂದ್ರದಲ್ಲಿ ಸೈಟು ನೋಡಬಹುದಿತ್ತು. 2014ರ ಹೊತ್ತಿಗೆ ಟ್ಯಾಮ್ರಾನ್‌ನವರು, ಅವರ ಬೆನ್ನಿಗೇ ಸಿಗ್ಮಾದವರು, 150ರಿಂದ 600ರವರೆಗೆ ಎಳೆದುಕೊಳ್ಳುವ ಲೆನ್ಸನ್ನು ಲಕ್ಷದ ಆಸುಪಾಸಿಗೆ ತಂದು ನಿಲ್ಲಿಸಿದರು. ಲಕ್ಷವಾದರೆ ಕಂತಿನಲ್ಲಿ ಕಟ್ಟಬಹುದಲ್ಲ! ಕಂತು ಕಟ್ಟಾದ ಮೆಸೇಜು ಮನೆಯವರ ಫೋನಿಗೇ ಹೋಗುತ್ತದೆ ಅನ್ನುವುದು ಮೇಷ್ಟ್ರಿಗೆ ಆಮೇಲೆ ಗೊತ್ತಾಯಿತು, ಆ ಮಾತು ಬೇರೆ. ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅಂಥವರು ಫಿಲಂ ರೋಲು ಹಾಕಿಕೊಂಡು ಕಾಡಿಗೆ ಹೋಗುತ್ತಿದ್ದ ಕಾಲಕ್ಕೆ ಒಂದು ರೋಲಿಗೆ 36 ಚಿತ್ರ. ನಮ್ಮ ಮೇಷ್ಟ್ರು ಬಟನ್ ಒತ್ತಿ ಹಿಡಿದರೆ ಐದಾರು ಸೆಕೆಂಡಿಗೆ ಅಷ್ಟು ಮುಗಿಯುತ್ತದೆ. ಅಷ್ಟರಲ್ಲೂ ಜಿಂಕೆ ಬೆನ್ನು ತಿರುಗಿಸಿಕೊಂಡೇ ಇರುತ್ತದೆ.

ಮನೆಯಲ್ಲಿ ಈ ಲೆನ್ಸಿನಿಂದ ಮೂರು ಕಾಸಿನ ಉಪಯೋಗವಿಲ್ಲ. ಮಗಳ ಹುಟ್ಟುಹಬ್ಬಕ್ಕೆ ನೆಂಟರೆಲ್ಲ ಸೇರಿ, "ಎಲ್ಲಾರ್ದೂ ಒಂದು ಫೋಟೊ ತೆಗಿಯಪ್ಪ, ಅಷ್ಟು ದೊಡ್ಡ ಕ್ಯಾಮೆರಾ ಐತಲ್ಲ" ಅಂದರು. ಹತ್ತು ಜನ ಸಾಲಾಗಿ ನಿಂತರೆ ಆ ಲೆನ್ಸಿಗೆ ಕಾಣಬೇಕಾದರೆ ಮೇಷ್ಟ್ರು ಇಪ್ಪತ್ತೈದು ಮೀಟರ್ ಹಿಂದಕ್ಕೆ ಹೋಗಬೇಕು. ರಸ್ತೆ ದಾಟಿ ಎದುರುಮನೆ ತಾರಸಿ ಹತ್ತಿ ಅಲ್ಲಿಂದ "ನಗ್ರೀ" ಅಂತ ಕೂಗಿದರು. ಇವರು ಏನು ಕೂಗಿದರೆಂದು ಯಾರಿಗೂ ಕೇಳಿಸಲಿಲ್ಲ. ಫೋಟೊದಲ್ಲಿ ಹತ್ತೂ ಜನ ಕಿವಿಗೆ ಕೈಹಚ್ಚಿಕೊಂಡು "ಆಂ?" ಅನ್ನುತ್ತಿದ್ದಾರೆ. ಒಬ್ಬೊಬ್ಬರ ರೆಪ್ಪೆಗೂದಲು ಮಾತ್ರ ಸ್ಪಷ್ಟವಾಗಿ ಎಣಿಸಬಹುದು. ಇನ್ನು ಕಾರಿನ ಕಿಟಕಿ ಮೇಲೆ ಲೆನ್ಸ್ ಊರುವುದಕ್ಕೆ ಬಟ್ಟೆಚೀಲ ಬೇಕಲ್ಲ, ಅದಕ್ಕೆ ಮನೆಯ ಹುರುಳಿಯೇ ಆಗಬೇಕು. ಹುರುಳಿಕಾಳು ಅಲುಗಾಡದೆ ಕೂರುತ್ತದೆ ಅನ್ನುವುದು ಮೇಷ್ಟ್ರ ಸಂಶೋಧನೆ. ಬಸ್ಸಾರು ಮಾಡುವ ದಿನ ಮನೆಯಾಕೆ ಚೀಲದ ಹೊಲಿಗೆ ಬಿಚ್ಚುತ್ತಾರೆ.

ಮಧುಗಿರಿ ಕಡೆಯ ಮೇಷ್ಟ್ರಿಗೆ ಕಾಶಿ ಅಂದರೆ ಕೊಡಿಗೇನಹಳ್ಳಿ ಹತ್ತಿರದ ಮೈದನಹಳ್ಳಿ. 798 ಎಕರೆ ಹುಲ್ಲುಗಾವಲು. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಆಂಧ್ರದ ಗಡಿ ಅಲ್ಲೇ ಪಕ್ಕದಲ್ಲಿ. ಕಪ್ಪು ಮೈ, ಬಿಳಿ ಹೊಟ್ಟೆ, ತಿರುಚಿದ ಕೊಂಬಿನ ಗಂಡು ಎದೆಯೆತ್ತಿ ನಿಂತಾಗ ನೋಡಬೇಕು. ಲೆನ್ಸಿಲ್ಲದವನೂ ಒಂದು ಗಳಿಗೆ ಸುಮ್ಮನಾಗುತ್ತಾನೆ. ಸುಮ್ಮನಾಗದವರು ಮೇಷ್ಟ್ರೊಬ್ಬರೇ. "ಐಎಸ್ಒ 400, ಶಟರ್ ಸಾವಿರಕ್ಕೆ ಒಂದು" ಅಂತ ಪಕ್ಕದವನಿಗೆ ಕಾಮೆಂಟರಿ ಕೊಡುತ್ತಿರುತ್ತಾರೆ. ಇನ್ನೂರು ಮೀಟರ್ ಆಚೆ ನಿಂತ ಕೃಷ್ಣಮೃಗ 600 ಮಿಲಿಮೀಟರಿಗೂ ಚಿತ್ರದ ಅಗಲದಲ್ಲಿ ಏಳನೇ ಒಂದು ಪಾಲು ಬಂದರೆ ಹೆಚ್ಚು. ಒಂಬತ್ತೂವರೆ ಕಳೆದರೆ ನೆಲ ಕಾದು ಮೇಲಿನ ಗಾಳಿ ನಡುಗಲು ಶುರು. ಆಮೇಲೆ ಯಾವ ಲೆನ್ಸಿಗೂ ಆ ಝಳ ಸೀಳುವುದಕ್ಕಾಗದು. ಮನೆಗೆ ಬಂದು ನೋಡಿದರೆ ಜಿಂಕೆ ನೀರಿನೊಳಗೆ ನಿಂತ ಹಾಗೆ ಕದಡಿಹೋಗಿರುತ್ತದೆ. ಮೇಷ್ಟ್ರು ಇದನ್ನು ಒಪ್ಪುವುದಿಲ್ಲ. "ಲೆನ್ಸಲ್ಲೇ ಏನೋ ದೋಷ ಐತೆ, ಮುಂದಿನ ಸಲ ಬೇರೆ ತಗೋಬೇಕು" ಅನ್ನುತ್ತಾರೆ. ಸೂರ್ಯನ ತಪ್ಪಿಗೆ ಮತ್ತೊಂದು ಕಂತು.

ಒಂದು ಮಾತು ಮಾತ್ರ ಅವರ ಪರವಾಗಿ ಹೇಳಲೇಬೇಕು. ಅವರು ಜಿಂಕೆಯನ್ನು ಓಡಿಸುವುದಿಲ್ಲ. ನೆಗೆಯುವ ಜಿಂಕೆಯ ಫೋಟೊ ಬೇಕೆಂದು ಹುಲ್ಲಿನ ಮೇಲೆ ಬೈಕು ನುಗ್ಗಿಸುವ ಹುಡುಗರನ್ನು ಕಂಡರೆ ಮೇಷ್ಟ್ರ ಬಾಯಲ್ಲಿ ಶಾಲೆಯಲ್ಲಿ ಆಡಲಾಗದ ಮಾತೆಲ್ಲ ಬರುತ್ತದೆ. ಪಕ್ಕದ ಹೊಲದವನು, "ಸಾ, ಅವು ನಮ್ಮ ಕಡ್ಲೇಕಾಯಿ ಗಿಡ ಮೇಯ್ತಾವೆ, ನೀವು ಬಂದು ಫೋಟೊ ತೆಗ್ದು ಓಯ್ತೀರ. ನಮಗೇನು ಸಿಕ್ತು?" ಅಂದಾಗ ಮಾತ್ರ ಲೆನ್ಸಿನ ಗಾಜು ಒರೆಸತೊಡಗುತ್ತಾರೆ.

ಇವರಿಗೆ ನಿಜವಾದ ಗಂಡಾಂತರವೆಂದರೆ ಟ್ರೈಪಾಡ್. ಮೂರು ಕಾಲಿನ ಮೇಲೆ ಕೊಳವೆ ಇಟ್ಟು ಒಂದು ಕಣ್ಣು ಮುಚ್ಚಿ ದೂರಕ್ಕೆ ನೋಡುವವನು ಹಳ್ಳಿಯವರ ಕಣ್ಣಿಗೆ ಸರ್ವೆಯವನೇ. ಪಾವಗಡದ ತಿರುಮಣಿ ಸುತ್ತಲಿನ ಐದು ಊರುಗಳಲ್ಲಿ ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಹೋಯಿತು. 2,050 ಮೆಗಾವ್ಯಾಟ್‌ನದು. ಜಮೀನು ಮಾರಿದ್ದಲ್ಲ, ಗುತ್ತಿಗೆಗೆ ಕೊಟ್ಟದ್ದು, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ. ಮಳೆ ಕೈಕೊಡುವ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಹಾಗಾಗಿ ಪಾವಗಡದ ಬಯಲಲ್ಲಿ ಮೇಷ್ಟ್ರು ಟ್ರೈಪಾಡ್ ಬಿಚ್ಚಿದರೆ ಅರ್ಧ ಗಂಟೆಯಲ್ಲಿ ನಾಲ್ಕು ಜನ ಸೇರುತ್ತಾರೆ. "ಸಾ, ಇನ್ನೊಂದು ಸೋಲಾರ್ ಬತ್ತೈತಾ? ಎಕರೆಗೆ ಎಷ್ಟ್ ಕೊಡ್ತಾರಂತೆ? ನಮ್ದು ಆ ಬೇವಿನ ಮರದಿಂದ ಈಚೆಗೆ, ಅದ್ನೂ ಸೇರುಸ್ಕಳ್ಳಿ." ಎಳನೀರು ಬರುತ್ತದೆ, ಹುರಿದ ಕಡ್ಲೇಕಾಯಿ ಬರುತ್ತದೆ. "ನಾನು ಹಕ್ಕಿ ನೋಡಕ್ಕೆ ಬಂದವನು" ಅಂದರೆ ಯಾರೂ ನಂಬುವುದಿಲ್ಲ. ಆಫೀಸರು ಗುಟ್ಟು ಬಿಡ್ತಿಲ್ಲ ಎಂದು ಮತ್ತೊಂದು ಎಳನೀರು ಕೆತ್ತುತ್ತಾರೆ.

ಅದೇ ಟ್ರೈಪಾಡ್ ಕೊರಟಗೆರೆ ತಾಲ್ಲೂಕಿನಲ್ಲಿ ಬಿಚ್ಚಿದಿರೋ, ಕತೆ ತಿರುಗಿಬೀಳುತ್ತದೆ. ಎತ್ತಿನಹೊಳೆ ಯೋಜನೆಯ ನೀರು ನಿಲ್ಲಿಸಲು ಬೈರಗೊಂಡ್ಲಿನಲ್ಲಿ ಜಲಾಶಯವೆಂದು ಹೇಳಿದಂದಿನಿಂದ ಅಳತೆಗೆ ಬಂದವರನ್ನು ಕಂಡರೆ ಅಲ್ಲಿನವರಿಗೆ ಎದೆ ಧಸಕ್ಕೆನ್ನುತ್ತದೆ. "ಸೋಮಿ, ನಮ್ದೂ ಮುಳುಗ್ತದಾ?" ಎಂದು ಕೇಳಿದ ಯಜಮಾನರಿಗೆ ಮೇಷ್ಟ್ರು, "ಇಲ್ಲ ಯಜಮಾನ್ರೇ, ಮಿಂಚುಳ್ಳಿ ಮುಳುಗೋದನ್ನ ನೋಡ್ತಿದ್ದೀನಿ" ಅಂದರು. ಹೊತ್ತು ಗೊತ್ತಿಲ್ಲದ ಜೋಕು. ಯಜಮಾನರು ನಾಯಿ ಹಗ್ಗ ಬಿಚ್ಚಿದರು. ಮಧುಗಿರಿ ಕಡೆ ರಾಯದುರ್ಗದ ರೈಲ್ವೆ ಲೈನಿಗೆ ಜಮೀನು ಹೋಗುತ್ತದಲ್ಲ, ಅಲ್ಲಿ ಅರ್ಧ ಜನ ಎಳನೀರು, ಅರ್ಧ ಜನ ನಾಯಿ.

ಕೊರಟಗೆರೆ ಅಂದಮೇಲೆ ಕರಡಿ ಬಿಡುವಂತಿಲ್ಲ. ತಿಮ್ಮಲಾಪುರ ವನ್ಯಜೀವಿಧಾಮದ ಸುತ್ತಿನ ಗುಡ್ಡಗಳಲ್ಲಿ ಕರಡಿಗಳಿವೆ, ಸಂಜೆಗೆ ಇಳಿದು ಬರುತ್ತವೆ. ಮೇಷ್ಟ್ರು ಕಾವಲಿನವನಿಗೆ ಲೆನ್ಸಿನ ಮಹಿಮೆ ವಿವರಿಸುತ್ತಾ, "ಇದಕ್ಕೆ ಒಂದೇ ತೊಂದರೆ ಕಣಯ್ಯಾ, ಎರಡೂಮುಕ್ಕಾಲು ಮೀಟರಿಗಿಂತ ಹತ್ತಿರ ಬಂದ್ರೆ ಫೋಕಸ್ ಆಗಲ್ಲ" ಅಂದರು. ಅವನು ತಲೆ ಕೆರೆದುಕೊಂಡು, "ಅಷ್ಟು ಹತ್ರ ಬಂದ್ಮೇಲೆ ಫೋಕಸ್ ತಗಂಡು ಏನ್ ಮಾಡ್ತೀರಾ ಸಾ?" ಅಂದ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಹೆಸರೆತ್ತಿದರಂತೂ ಮೇಷ್ಟ್ರ ಮುಖ ಸಣ್ಣದಾಗುತ್ತದೆ. ಅಲ್ಲಿ ಚಿಂಕಾರ ಎಂಬ ಹುಲ್ಲೆ ಇರುವುದನ್ನು ಲೋಕಕ್ಕೆ ತೋರಿಸಿದ್ದು ಚಿರತೆ ಅಧ್ಯಯನಕ್ಕೆಂದು ಮರಕ್ಕೆ ಕಟ್ಟಿದ ಕ್ಯಾಮೆರಾ ಟ್ರ್ಯಾಪು. 2019ರಲ್ಲಿ ಆ ಕಾಡು ಚಿಂಕಾರ ವನ್ಯಜೀವಿಧಾಮವೂ ಆಯಿತು. ತೋರಿಸಿಕೊಟ್ಟದ್ದು ಮಾತ್ರ ಜೂಮ್ ಇಲ್ಲದ, ಕಂತಿಲ್ಲದ, ಹಿಂದೆ ಮನುಷ್ಯನೇ ಇಲ್ಲದ ಡಬ್ಬಿ!

ನನ್ನ ಅಭಿಪ್ರಾಯ ಕೇಳಿದರೆ, ಮೇಷ್ಟ್ರ ಒಳ್ಳೆಯ ಚಿತ್ರಗಳು ಈ ದೊಡ್ಡ ಲೆನ್ಸಿನವಲ್ಲ. ಬೀರುವಿನ ಮೂಲೆಯಲ್ಲಿ ಅವರ ಮೊದಲ ಲೆನ್ಸ್ ಇದೆ, ಟ್ಯಾಮ್ರಾನ್ 70-300. ಅದರ ಮೈಮೇಲೆ ಮ್ಯಾಕ್ರೊ ಎಂಬ ಸಣ್ಣ ಗುಂಡಿ. ಜೂಮನ್ನು 180ರಿಂದ 300ರ ನಡುವೆ ತಂದರೆ ಮಾತ್ರ ಅದು ಸರಿಯುತ್ತದೆ. ಸರಿದರೆ 95 ಸೆಂಟಿಮೀಟರ್ ಹತ್ತಿರದ ವಸ್ತುವನ್ನೂ ಹಿಡಿಯುತ್ತದೆ, ಅರ್ಧ ಅಳತೆಗೆ. ದೂರಕ್ಕೂ ಆಯಿತು, ಹತ್ತಿರಕ್ಕೂ ಆಯಿತು. ಮಧುಗಿರಿ ಬೆಟ್ಟದ ಬಂಡೆಯ ಮೇಲೆ ಒಂದು ಓತಿಕ್ಯಾತ. ಬೆದೆಗೆ ಬಂದ ಗಂಡು, ಮೈ ಮೇಲೆ ಕೆಂಪು, ಪಕ್ಕೆಗೆ ಕಪ್ಪು. ಮೇಷ್ಟ್ರು ಅದರೆದುರು ಹೊಟ್ಟೆಯ ಮೇಲೆ ಮಲಗಿದ್ದಾರೆ. ಅದು ತಲೆಯಾಡಿಸುತ್ತದೆ, ಇವರೂ ಆಡಿಸುತ್ತಾರೆ. ಅಷ್ಟು ಹತ್ತಿರದಲ್ಲಿ ಎಫ್ 5.6 ಇಟ್ಟರೆ ಸ್ಪಷ್ಟ ಬರುವುದು ಒಂದೂವರೆ ಮಿಲಿಮೀಟರ್ ಜಾಗವೂ ಅಲ್ಲ. ಕಣ್ಣು ಬಂದರೆ ಮೂತಿ ಹೋಯಿತು, ಮೂತಿ ಬಂದರೆ ಕಣ್ಣು ಹೋಯಿತು. ಎಫ್ 16ಕ್ಕೆ ಇಳಿಸಿದರೆ ಬೆಳಕು ಸಾಲದೆ ಕೈ ನಡುಕವೆಲ್ಲ ಚಿತ್ರಕ್ಕೆ ಇಳಿಯುತ್ತದೆ. ಬಂಡೆ ಕಾದು ಹೊಟ್ಟೆ ಸುಡುತ್ತಿದೆ, ಮೇಷ್ಟ್ರು ಉಸಿರು ಬಿಗಿಹಿಡಿದಿದ್ದಾರೆ. ಬೆಂಗಳೂರಿನಿಂದ ಬೆಟ್ಟ ಹತ್ತಲು ಬಂದ ಹುಡುಗಿಯೊಬ್ಬಳು ಓಡಿಬಂದು, "ಅಂಕಲ್, ಸುಸ್ತಾಯ್ತಾ? ನೀರು ಕೊಡ್ಲಾ?" ಅಂದಳು. ಓತಿಕ್ಯಾತ ಮಾಯ. ಆದರೆ ಅದಕ್ಕೆ ಮೊದಲು ಕ್ಲಿಕ್ಕಾಗಿದ್ದ ಒಂದು ಚಿತ್ರದಲ್ಲಿ ಅದರ ಕಣ್ಣಂಚಿನ ಪುಟ್ಟ ಹುರುಪೆಗಳು ಕೂಡ ಬಿಡಿಬಿಡಿಯಾಗಿ ಕಾಣುತ್ತವೆ. ಅದನ್ನು ಅವರು ವಾಟ್ಸಾಪಿಗೆ ಹಾಕಲಿಲ್ಲ. ಓತಿಕ್ಯಾತಕ್ಕೆ ಶುಭೋದಯ ಬರೆದರೆ ಯಾರು ಹೆಬ್ಬೆಟ್ಟು ಒತ್ತುತ್ತಾರೆ? ಕೃಷ್ಣಮೃಗದ ಬೆನ್ನನ್ನೇ ಹಾಕಿದರು, ಮೃಗಕ್ಕಿಂತ ದೊಡ್ಡದಾಗಿ ಅಡ್ಡಲಾಗಿ ತಮ್ಮ ಹೆಸರು ಬರೆದು.

ಮೇಷ್ಟ್ರ ಲೆನ್ಸಿನ ಗರ್ವಭಂಗವಾಗಿದ್ದು ಶಿರಾ ಹತ್ತಿರದ ಕಗ್ಗಲಡುವಿನಲ್ಲಿ. ಅಲ್ಲಿ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಮನೆ, ಜಗಲಿ, ದನದ ಕೊಟ್ಟಿಗೆ. ಹಕ್ಕಿಗಳನ್ನು ಊರವರೇ ಕಾಯುತ್ತಾರೆ. ಮರದಡಿ ನಿಂತು ಮೇಷ್ಟ್ರು ಲೆನ್ಸ್ ಎತ್ತಿದರೆ 600ಕ್ಕೆ ಬರೀ ಕೊಕ್ಕು, ಅದೂ ತುದಿ ಕತ್ತರಿಸಿ. 150ಕ್ಕೆ ಇಳಿಸಿದರೂ ರೆಕ್ಕೆ ಬಿಚ್ಚಿದ ಹಕ್ಕಿ ಹಿಡಿಯದು. ಹಿಂದಕ್ಕೆ ಸರಿದರು, ಇನ್ನೂ ಸರಿದರು. ಜಗಲಿಯ ಮೇಲೆ ಎಲೆಅಡಿಕೆ ಹಾಕುತ್ತಿದ್ದ ಅಜ್ಜಿ, "ಯಾಕಪ್ಪೋ ಹಿಂದಿಂದಕ್ಕೆ ಓಯ್ತಿದ್ದೀಯ? ತಿಪ್ಪೆ ಐತೆ ನೋಡ್ಕಂಡೂ..." ಅನ್ನುವಷ್ಟರಲ್ಲಿ ತಿಪ್ಪೆಯಲ್ಲಿದ್ದರು. ಅಜ್ಜಿಯ ಮೊಮ್ಮಗ ಮೊಬೈಲಿನಲ್ಲಿ ಒಂದು ಫೋಟೊ ತೆಗೆದ. ಕೊಕ್ಕರೆ, ಗೂಡು, ಮರಿ, ಹೆಂಚಿನ ಮನೆ, ಅಜ್ಜಿ, ತಿಪ್ಪೆ, ತಿಪ್ಪೆಯಲ್ಲಿ ಲೆನ್ಸ್ ಮೇಲೆತ್ತಿ ಹಿಡಿದ ಮೇಷ್ಟ್ರು, ಎಲ್ಲ ಒಂದರಲ್ಲೇ ಬಂದಿತ್ತು. ನಮ್ಮ ಸೀಮೆಯ ಪ್ರಾಣಿಪಕ್ಷಿಗಳ ಬಗ್ಗೆ ನಾನು ಕಂಡ ಫೋಟೊಗಳಲ್ಲಿ ಅದೇ ಪಸಂದಾದದ್ದು.

ಕಗ್ಗಲಡುವಿಗೆ ನೀವೂ ಹೋಗಿಬನ್ನಿ. ಗೂಡಿನ ತಂಟೆಗೆ ಹೋಗಬೇಡಿ, ಮರ ಅಲುಗಾಡಿಸಬೇಡಿ. ಲೆನ್ಸ್ ಮನೆಯಲ್ಲೇ ಬಿಟ್ಟರೂ ನಡೆಯುತ್ತದೆ. ಕೊಡೆ ಮಾತ್ರ ಮರೆಯಬೇಡಿ, ಮಳೆಗಲ್ಲ.