894.814ರ ನೆರೆಹೊರೆ

ಕನ್ನಡ ಸಾಹಿತ್ಯದ ವಿಳಾಸ 894.814. ಡ್ಯೂಯಿ ದಶಮಾಂಶ ಪದ್ಧತಿ ಪಾಲಿಸುವ ಯಾವ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದರೂ ಪಂಪ, ಕುವೆಂಪು, ಮೊನ್ನೆಯಷ್ಟೇ ಚೊಚ್ಚಲ ಸಂಕಲನ ತಂದ ಹುಡುಗ, ಎಲ್ಲರೂ ಬೆನ್ನಿಗೆ ಇದೇ ನಂಬರು ಅಂಟಿಸಿಕೊಂಡು ನಿಂತಿರುತ್ತಾರೆ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಶುರುಮಾಡಿದ ಈ ವ್ಯವಸ್ಥೆಯಲ್ಲಿ ಇಂಗ್ಲಿಷಿಗೆ 820, ಫ್ರೆಂಚಿಗೆ 840 ಎಂದು ಸ್ವಂತ ಬಂಗಲೆಗಳಿವೆ. ನಮಗೆಲ್ಲ 890ರ ವಠಾರ. ಅದರಲ್ಲೂ 894 ಎಂಬ ನಮ್ಮ ಸಾಲಿನಲ್ಲಿ ತಮಿಳು, ತೆಲುಗು, ಮಲಯಾಳಗಳ ಜೊತೆಗೆ ಟರ್ಕಿ, ಹಂಗೇರಿ, ಫಿನ್ಲೆಂಡಿನವರೂ ಬಿಡಾರ ಹೂಡಿದ್ದಾರೆ. ಬೇಂದ್ರೆಯವರ ಮಗ್ಗುಲಲ್ಲಿ ಫಿನ್ನಿಶ್ ಕವಿಯೊಬ್ಬ ಬಂದು ಕೂತರೂ ಡ್ಯೂಯಿಯ ಆಕ್ಷೇಪವಿಲ್ಲ, ಬೇಂದ್ರೆಯವರದ್ದೂ ಇರಲಾರದು.

ಕಷ್ಟವಿರುವುದು ಯಕ್ಷಗಾನದ ಮೇಲೆ ಪಿಎಚ್.ಡಿ. ಮಾಡುವವರಿಗೆ. ಜನಪದ ಎಂದರೆ 398, ರಂಗಭೂಮಿ ಎಂದರೆ 792, ಹಾಡುಗಾರಿಕೆಗೆ 780ರ ಆಸುಪಾಸು, ಪ್ರಸಂಗ ಪುಸ್ತಕಗಳು ಮತ್ತೆ 894.814ರಲ್ಲಿ. ಕುಣಿತ, ಮಾತು, ಮದ್ದಳೆಗಳನ್ನು ರಾತ್ರಿಯಿಡೀ ಒಂದೇ ರಂಗಸ್ಥಳದಲ್ಲಿ ಹಿಡಿದಿಟ್ಟ ಕಲೆಯನ್ನು ಗ್ರಂಥಾಲಯ ನಾಲ್ಕು ರ‍್ಯಾಕಿಗೆ ಹರಿದು ಹಂಚಿದೆ. ಪಾಪ, ವಿದ್ಯಾರ್ಥಿ ಮಹಡಿ ಹತ್ತಿ ಇಳಿದು ವೇಷಧಾರಿಗಿಂತ ಹೆಚ್ಚು ಬೆವರುತ್ತಾನೆ.

ಈ ಕಾಯಿಲೆಗೆ ಮದ್ದು ಹುಡುಕಿದವರು ನಮ್ಮ ಕಡೆಯವರೇ. ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಗ್ರಂಥಾಲಯದ ಮೌನ ತಡೆಯಲಾರದೆ ಹಳೆಯ ಕೆಲಸ ವಾಪಸು ಕೊಡಿ ಎಂದು ಕೇಳಿದ್ದರು. ಆಮೇಲೆ ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆ ನೋಡಿ, ಬಿಡಿ ತುಂಡುಗಳನ್ನು ಬೇಕಾದಂತೆ ಜೋಡಿಸುವ ಹಾಗೆ ವಿಷಯಗಳನ್ನೂ ಜೋಡಿಸಬಹುದಲ್ಲ ಎಂದುಕೊಂಡರು. 1933ರಲ್ಲಿ ಕೋಲನ್ ವರ್ಗೀಕರಣ ಹೊರಬಂತು. ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ನೆಲೆಸಿ 1962ರಲ್ಲಿ ಅಲ್ಲೊಂದು ತರಬೇತಿ ಕೇಂದ್ರವನ್ನೂ ಕಟ್ಟಿದರು. ಹಾಗಿದ್ದೂ ನಮ್ಮ ಎಷ್ಟೋ ರ‍್ಯಾಕುಗಳಲ್ಲಿ ಡ್ಯೂಯಿಯದೇ ದರ್ಬಾರು.

ಗ್ರಂಥಾಲಯಗಳಿಗೆಂದು ರಂಗನಾಥನ್ ಬರೆದ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸು ಎನ್ನುತ್ತದೆ. ಎಂಜಿನಿಯರಿಗೂ ಡಾಕ್ಟರಿಗೂ ಸರಿಯೇ. ಕಲೆ, ಸಾಹಿತ್ಯದವರ ಸಮಯ ಉಳಿಸಿ ಮಾಡುವುದೇನು? ಅವರು ಅದನ್ನು ಕ್ಯಾಂಟೀನಿನಲ್ಲೇ ಕಳೆಯುತ್ತಾರೆ. ಅವರಿಗೆ ದೊಡ್ಡದೇನಾದರೂ ಸಿಗುವುದು ಹುಡುಕದೇ ಇದ್ದಾಗ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ತಾಳೆಗರಿಯ ಕಟ್ಟೊಂದನ್ನು ತಂದುಕೊಟ್ಟರು. ಯಾರೂ ಇಂಡೆಂಟು ಹಾಕಿ ತರಿಸಿದ್ದಲ್ಲ. ಅಲ್ಲಿನ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರೆ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅದು ಅಚ್ಚಾಯಿತು.

ಈಗಿನವರು ರ‍್ಯಾಕಿನ ಕಡೆ ತಲೆ ಹಾಕುವುದು ಕಡಿಮೆ. ಗ್ರಂಥಾಲಯದ ಕಂಪ್ಯೂಟರ್ ಸೂಚಿಯಾದ ಓಪ್ಯಾಕಿನಲ್ಲಿ ಟೈಪು ಮಾಡುತ್ತಾರೆ. ಪುಸ್ತಕ ಲಭ್ಯ ಎಂದು ಕಂಪ್ಯೂಟರ್ ಪ್ರಮಾಣ ಮಾಡುತ್ತದೆ. ಹೋಗಿ ನೋಡಿದರೆ ಖಾಲಿ ಜಾಗ. ಕಾವ್ಯಮೀಮಾಂಸೆ ತನಗೊಬ್ಬನಿಗೇ ಸಿಗಲೆಂದು ಯಾವನೋ ಪುಣ್ಯಾತ್ಮ ಅದನ್ನು ಜೇನುಸಾಕಣೆಯ ಹಿಂದೆ ತುರುಕಿರುತ್ತಾನೆ. ಅಂಥದ್ದನ್ನು ಪತ್ತೆ ಹಚ್ಚುವುದು ಓಪ್ಯಾಕಿನ ಕೈಲಾಗದು. ಅಟೆಂಡರು ಮಾತ್ರ ಕೂತಲ್ಲಿಂದಲೇ, "ಅಲ್ಲೇ ಹಿಂದ್ಗಡೆ ಕೈ ಹಾಕಿ ನೋಡಿ ಮೇಡಂ" ಎನ್ನುತ್ತಾರೆ.

ಶೋಧಗಂಗಾ ಬಂದಮೇಲೆ ಥೀಸಿಸ್ ಓದಲು ಬಸ್ಸು ಹತ್ತುವ ಕಷ್ಟ ತಪ್ಪಿದೆ, ನಿಜ. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಈ ಕಣಜದಲ್ಲಿ ದೇಶದ ಬಹಳಷ್ಟು ಪ್ರಬಂಧಗಳು ಅಧ್ಯಾಯ ಅಧ್ಯಾಯವಾಗಿ ಪಿಡಿಎಫ್ ಆಗಿ ಕೂತಿವೆ. ಆದರೆ ಹಳೆಯ ಫಾಂಟುಗಳಲ್ಲಿ ಡಿಟಿಪಿ ಮಾಡಿದ, ಇಲ್ಲವೇ ಸುಮ್ಮನೆ ಸ್ಕ್ಯಾನ್ ಮಾಡಿ ಹಾಕಿದ ಕನ್ನಡ ಥೀಸಿಸಿನೊಳಗೆ 'ಕನ್ನಡ' ಎಂದು ಹುಡುಕಿದರೂ ಸೊನ್ನೆ ಫಲಿತಾಂಶ. ಹಾಗಾಗಿ ಪುಟ ಪುಟ ಓದಲೇಬೇಕು. ನಾಲ್ಕನೆಯ ಸೂತ್ರ ಇಲ್ಲೂ ಸೋತಿತೆಂದು ನನಗೆ ಒಳಗೊಳಗೇ ಖುಷಿ.

ನಾನಂತೂ ಮೊದಲು ತೆರೆಯುವುದು ಕೃತಜ್ಞತೆಯ ಕಡತವನ್ನು. ಮಾರ್ಗದರ್ಶಕರು, ಮಾರ್ಗದರ್ಶಕರ ಶ್ರೀಮತಿಯವರು, ಅತ್ತೆ ಮಾವ, ಬೆರಳಚ್ಚು ಮಾಡಿದವರು, ಎಲ್ಲ ಮುಗಿದು ಕಟ್ಟಕಡೆಯ ಸಾಲಿನಲ್ಲಿ ಗ್ರಂಥಾಲಯದ ಸಿಬ್ಬಂದಿಯೊಬ್ಬರ ಹೆಸರು ಬರುತ್ತದೆ. ಅದನ್ನು ಬರೆದಿಟ್ಟುಕೊಳ್ಳುತ್ತೇನೆ. ಆ ಊರಿಗೆ ಹೋದಾಗ ಕೌಂಟರಿನಲ್ಲಿ ವಿಚಾರಿಸಬೇಕಾದ್ದು ಅವರನ್ನೇ, ನಿವೃತ್ತರಾಗಿರದಿದ್ದರೆ.